ಮಗ್ಗ ನಿಂತಾಗ: ನೇಕಾರರ ಮನೆಯೊಂದರಲ್ಲಿ ನಾಯಿಮರಿಗೆ ದಿನಚರಿ ಕೂಡಿಬಂದ ಪ್ರಕರಣ

ಗದಗ-ಬೆಟಗೇರಿ ಅವಳಿ ನಗರದ ಬೆಟಗೇರಿ ಭಾಗದಲ್ಲಿ ಇಂದಿಗೂ ಮನೆಯೊಳಗೇ ಮಗ್ಗ ಇಟ್ಟುಕೊಂಡು ಸೀರೆ ನೇಯುವ ಕುಟುಂಬಗಳಿವೆ. ಅಂಥ ಒಂದು ಕುಟುಂಬವು ಶ್ರಾವಣದ ಆರಂಭದಲ್ಲಿ ಸಾಕಲು ತಂದ ನಾಯಿಮರಿಗೆ ಉಣ್ಣುವ, ಮಲಗುವ, ಹೊರಗೆ ಹೋಗುವ ಕ್ರಮವೊಂದನ್ನು ರೂಢಿಸಲು ಪಟ್ಟ ಪ್ರಯತ್ನವನ್ನು ಇಲ್ಲಿ ವಿವರಿಸಿದ್ದೇನೆ. ಮರಿಗೆ ಮೊದಲ ಲಸಿಕೆ ಹಾಕಿಸಲು ಅವರು ಪಶುವೈದ್ಯನಾದ ನನ್ನ ಬಳಿ ಬಂದದ್ದರಿಂದ ಈ ಪ್ರಕರಣ ನನ್ನ ಗಮನಕ್ಕೆ ಬಂತು. ಮುಂದೆ ಅವರ ಮನೆಗೆ ಹೋಗಿ ನೋಡುವ ಅವಕಾಶವೂ ದೊರೆಯಿತು. ಮನೆಯವರ ಒಪ್ಪಿಗೆ ಪಡೆದು ಬರೆದಿರುವ ಈ ವರದಿಯಲ್ಲಿ ಕುಟುಂಬದ ಕೆಲವು ವಿವರಗಳನ್ನು ಗುರುತು ಸಿಗದಂತೆ ಬದಲಿಸಿದ್ದೇನೆ. ಮರಿಯ ಹೆಸರನ್ನೂ ಹೇಳಿಲ್ಲ, ಏಕೆಂದರೆ ಓಣಿಯಲ್ಲಿ ಮನೆಯವರ ಹೆಸರಿಗಿಂತ ಅದರ ಹೆಸರೇ ಈಗ ಹೆಚ್ಚು ಪರಿಚಿತವಾಗಿದೆ.

ಹಿನ್ನೆಲೆ

ಮನೆ ಹಳೆಯ ಮಾದರಿಯದು. ಬೀದಿಗೆ ತಾಗಿ ಕಟ್ಟೆ, ಒಳಗೆ ಪಡಸಾಲೆ, ಅದರ ಪಕ್ಕದಲ್ಲೇ ಮಗ್ಗದ ಕೋಣೆ, ಹಿಂದೆ ಅಡುಗೆಮನೆ, ಕೊನೆಯಲ್ಲಿ ಸುತ್ತ ಗೋಡೆಯಿರುವ ಸಣ್ಣ ಹಿತ್ತಲು. ಮಗ್ಗವು ಕುಣಿಮಗ್ಗ, ನೇಯುವವರು ನೆಲದ ಮಟ್ಟದಲ್ಲಿ ಕುಳಿತು, ಕಾಲುಗಳನ್ನು ಕುಣಿಯೊಳಗೆ ಇಳಿಬಿಟ್ಟು ತುಳಿಯುತ್ತಾರೆ. ಗಂಡ ಹೆಂಡತಿ ಸರದಿಯ ಮೇಲೆ ನೇಯುತ್ತಾರೆ. ಎಪ್ಪತ್ತು ದಾಟಿದ ತಾಯಿ, ಅಂದರೆ ಮಕ್ಕಳ ಆಯಿ, ಪಡಸಾಲೆಯಲ್ಲಿ ರಾಟಿಯ ಮುಂದೆ ಕುಳಿತು ಕಂಡಿಕೆ, ಅಂದರೆ ಅಡ್ಡ ಎಳೆ ಹಾಯಿಸುವ ಲಾಳಿಯೊಳಗೆ ಇಡುವ ನೂಲಿನ ಸುರುಳಿ, ಸುತ್ತುತ್ತಾರೆ. ಮಗ ಹುಬ್ಬಳ್ಳಿಯ ಕಾಲೇಜಿನಲ್ಲಿ ಓದುತ್ತಾನೆ; ಬೆಳಗಿನ ಬಸ್ಸಿಗೆ ಹೋದರೆ ಮರಳುವುದು ಸಂಜೆಗೆ. ಮಗಳು ಊರಲ್ಲೇ ಹೈಸ್ಕೂಲಿಗೆ ಹೋಗುತ್ತಾಳೆ.

ಮರಿ ತರಬೇಕೆಂಬ ಆಸೆ ಮಗನದು. ರೋಣ ತಾಲೂಕಿನ ಸಂಬಂಧಿಕರ ಹೊಲದ ಮನೆಯಿಂದ ಅದನ್ನು ಕೊಟ್ಟಿದ್ದರು. ಮುಧೋಳ ತಳಿಯದು ಎಂದು ಹೇಳಿದ್ದರು. ಉದ್ದನೆಯ ಮುಖ, ಒಳಸೇರಿದ ಹೊಟ್ಟೆ, ತೆಳುವಾದ ಕೂದಲು ನೋಡಿದರೆ ಆ ಮಾತನ್ನು ಪೂರ್ತಿ ತಳ್ಳಿಹಾಕುವಂತಿರಲಿಲ್ಲವಾದರೂ, ಬಾಗಲಕೋಟೆ ಜಿಲ್ಲೆಯ ತಿಮ್ಮಾಪುರದ ಶ್ವಾನ ಸಂಶೋಧನಾ ಕೇಂದ್ರದಂಥ ಕಡೆಯಿಂದ ಬಂದ ಮರಿ ಅದಾಗಿರಲಿಲ್ಲ. ಈ ಪ್ರಕರಣದ ಮಟ್ಟಿಗೆ ತಳಿಯ ಶುದ್ಧತೆ ಮುಖ್ಯವಲ್ಲ. ಮೈಮೇಲೆ ಕೊಬ್ಬು ಕಡಿಮೆ, ಕೂದಲು ತೆಳು, ಆದ್ದರಿಂದ ಶ್ರಾವಣದ ತಂಪಿನಲ್ಲಿ ಬರಿ ನೆಲದ ಮೇಲೆ ಮಲಗಿಸಿದರೆ ಅದಕ್ಕೆ ಚಳಿಯಾಗುತ್ತದೆ ಎಂಬುದಷ್ಟೇ ಮುಖ್ಯ.

ವಯಸ್ಸು ಮಾತ್ರ ಮುಖ್ಯವಾಗಿತ್ತು. ಮನೆಗೆ ಬಂದಾಗ ಮರಿಗೆ ಏಳು ವಾರ ತುಂಬಿತ್ತೋ ಇಲ್ಲವೋ. ಎಂಟು ವಾರ ಆಗದ ಮರಿಯನ್ನು ಮಾರಬಾರದೆಂದು ನಾಯಿ ಸಾಕಣೆ ಮತ್ತು ಮಾರಾಟದ ಕುರಿತ 2017ರ ಕೇಂದ್ರ ನಿಯಮಗಳು ಹೇಳುತ್ತವೆ. ಇದು ಮಾರಾಟವಲ್ಲ, ಬೀಗರ ಮನೆಯ ಕೊಡುಗೆ. ಆದರೆ ನಿಯಮದ ಹಿಂದಿರುವ ಕಾರಣ ಕೊಡುಗೆಗೂ ಅನ್ವಯಿಸುತ್ತದೆ. ಎಷ್ಟು ಜೋರಾಗಿ ಕಚ್ಚಿದರೆ ನೋವಾಗುತ್ತದೆ ಎಂಬುದನ್ನು ಮರಿ ಒಡಹುಟ್ಟಿದ ಮರಿಗಳೊಡನೆ ಆಡುತ್ತಾ ಕಲಿಯುವ ವಾರಗಳವು, ಮಲಗುವ ಜಾಗದಿಂದ ದೂರ ಹೋಗಿ ಮೂತ್ರ ಮಾಡುವ ಅಭ್ಯಾಸವೂ ಆಗಲೇ ಗಟ್ಟಿಯಾಗುತ್ತದೆ. ಆ ಕಲಿಕೆ ಅರ್ಧಕ್ಕೇ ನಿಂತ ಮರಿಯನ್ನು ಈ ಮನೆಯವರು ಎತ್ತಿಕೊಂಡು ಬಂದಿದ್ದರು.

ಆಯಿಯ ವಿರೋಧ ಮೊದಲ ದಿನವೇ ಸ್ಪಷ್ಟವಾಗಿತ್ತು. "ನೂಲು ಇರೂ ಮನ್ಯಾಗ ನಾಯಿ ಕಟ್ಟಬಾರ್ದಪಾ" ಎಂದು ಅವರು ಮೊಮ್ಮಗನಿಗೆ ಹೇಳಿದ್ದರಂತೆ. ಅದನ್ನು ಮಡಿವಂತಿಕೆಯ ಮಾತೆಂದು ಮನೆಯವರು ಪಕ್ಕಕ್ಕಿಟ್ಟರು. ಮುಂದೆ ನೋಡುವಂತೆ, ಅದರಲ್ಲಿ ವೈದ್ಯಕೀಯವಾಗಿಯೂ ಹುರುಳಿತ್ತು.

ತೊಂದರೆ

ಮರಿ ಬಂದ ಕೆಲವೇ ದಿನಗಳಲ್ಲಿ ನಾಗರ ಪಂಚಮಿ. ತವರಿಗೆ ಬಂದ ಹೆಣ್ಣುಮಕ್ಕಳು, ಅವರ ಮಕ್ಕಳು, ಹಿತ್ತಲಲ್ಲಿ ಜೋಕಾಲಿ, ಡಬ್ಬಿ ತುಂಬ ಉಂಡಿ. ಮರಿ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋಗುತ್ತಾ, ನಿದ್ದೆಗೆಟ್ಟು, ಎಲ್ಲರ ಕೈಯಿಂದಲೂ ಏನಾದರೊಂದು ತಿನ್ನುತ್ತಾ ಹಬ್ಬ ಕಳೆಯಿತು. ರವೆ ಉಂಡಿಯಲ್ಲಿದ್ದ ಒಣದ್ರಾಕ್ಷಿಯನ್ನು ಅದು ತಿಂದಿರಲಿಲ್ಲ ಎಂಬುದು ಅದೃಷ್ಟ. ನಾಯಿಗಳಲ್ಲಿ ದ್ರಾಕ್ಷಿ, ಒಣದ್ರಾಕ್ಷಿ ಎರಡೂ ಮೂತ್ರಪಿಂಡವನ್ನು ಕೆಡಿಸಬಲ್ಲವು. ಹಾಲು ಮತ್ತು ಬಿಸ್ಕೀಟು ಮಾತ್ರ ಹೊತ್ತು ಹೊತ್ತಿಗೆ ಹೋಗಿತ್ತು. ತಾಯಿಯ ಹಾಲು ಬಿಟ್ಟ ಮರಿಗೆ ಎಮ್ಮೆಯ ಹಾಲಿನಲ್ಲಿರುವ ಸಕ್ಕರೆಯಂಶವನ್ನು ಅರಗಿಸುವ ಶಕ್ತಿ ಕುಗ್ಗುತ್ತಾ ಬರುತ್ತದೆ. ಹೀಗಾಗಿ ಭೇದಿ ಹತ್ತಿತು. ಭೇದಿ ಹತ್ತಿದ ಮರಿಗೆ ಜಾಗದ ಶಿಸ್ತು ಕಲಿಸುವುದು ಆಗದ ಕೆಲಸ.

ಲಸಿಕೆಗೆ ಬಂದ ದಿನ ಮನೆಯವರು ಹೇಳಿಕೊಂಡ ದೂರುಗಳಲ್ಲಿ ಮೊದಲನೆಯದು ಮಗ್ಗದ ಕೋಣೆಯದು. ಮರಿ ಅಲ್ಲಿ ದಿನಕ್ಕೆ ಮೂರು ನಾಲ್ಕು ಸಲ ಮೂತ್ರ ಮಾಡುತ್ತಿತ್ತು. ಒಮ್ಮೆ ಹಾಸಿನ ನೂಲಿಗೇ, ಅಂದರೆ ಮಗ್ಗಕ್ಕೆ ಉದ್ದಕ್ಕೆ ಬಿಗಿದ ಎಳೆಗಳಿಗೇ ತಾಗಿ, ನೇಯ್ದಷ್ಟು ಬಟ್ಟೆಯ ಅಂಚು ಕೆಟ್ಟಿತ್ತು. ಮಗ್ಗ ಖಾಲಿಯಿದ್ದಾಗ ತಂಪಿಗೆಂದು ಕುಣಿಯೊಳಗೆ ಇಳಿದು ಮಲಗುತ್ತಿತ್ತು. ಅದು ಅಲ್ಲಿರುವುದು ತಿಳಿಯದೆ ಯಾರಾದರೂ ತುಳಿಯಲು ಕುಳಿತರೆ ಏನಾಗುತ್ತಿತ್ತೆಂದು ಬೇರೆ ಹೇಳಬೇಕಿಲ್ಲ. ನೆಲದ ಮೇಲೆ ಬಿದ್ದ ನೂಲಿನ ತುಂಡುಗಳನ್ನು ಅಗಿಯುತ್ತಿತ್ತು. ರಾತ್ರಿ ಅಡುಗೆಮನೆಯಲ್ಲಿ ಒಂಟಿಯಾಗಿ ಬಿಟ್ಟರೆ ಬೆಳಗಿನವರೆಗೂ ಅಳುತ್ತಿತ್ತು; ಕೆಲವೊಮ್ಮೆ ಮಗ ಎದ್ದು ಬಂದು ಎತ್ತಿಕೊಳ್ಳುತ್ತಿದ್ದ, ಕೆಲವೊಮ್ಮೆ ಅಪ್ಪ ಗದರಿಸಿ ಬಾಗಿಲು ಹಾಕುತ್ತಿದ್ದರು. ದೀಪ ಹಚ್ಚುವ ಹೊತ್ತಿಗೆ ಹುಚ್ಚು ಹಿಡಿದಂತೆ ಓಡಾಡಿ ಸೀರೆಯ ಸೆರಗು, ಕಾಲಿನ ಬೆರಳು, ಸಿಕ್ಕಿದ್ದನ್ನೆಲ್ಲ ಕಚ್ಚುತ್ತಿತ್ತು.

ಅವರು ಮೊದಲು ಮಾಡಿನೋಡಿದ್ದು

ನನ್ನಲ್ಲಿಗೆ ಬರುವ ಮೊದಲೇ ಮಗ ಮೊಬೈಲಿನಲ್ಲಿ ನೋಡಿ ಒಂದು ವೇಳಾಪಟ್ಟಿ ಬರೆದು ಪಡಸಾಲೆಯ ಗೋಡೆಗೆ ಅಂಟಿಸಿದ್ದ. ಆರಕ್ಕೆ ಬೀದಿಯಲ್ಲಿ ನಡಿಗೆ, ಏಳಕ್ಕೆ ಊಟ, ಒಂಬತ್ತಕ್ಕೆ ಆಟ, ಹೀಗೆ ರಾತ್ರಿ ಹತ್ತರವರೆಗೆ. ಪಟ್ಟಿಯಾಗಿ ನೋಡಿದರೆ ಅದರಲ್ಲಿ ತಪ್ಪು ಹೆಚ್ಚಿರಲಿಲ್ಲ, ಬೀದಿಯ ನಡಿಗೆಯೊಂದನ್ನು ಬಿಟ್ಟು. ಲಸಿಕೆಯ ಸರಣಿ ಮುಗಿಯದ ಮರಿಯನ್ನು ಬೀದಿಯ ಮಣ್ಣಿಗೆ ಇಳಿಸುವುದು ಅಪಾಯ. ಮರಿಗಳಿಗೆ ವಾಂತಿ ಭೇದಿ ಹತ್ತಿಸಿ ಜೀವ ತೆಗೆಯಬಲ್ಲ ಪಾರ್ವೊ ರೋಗದ ವೈರಾಣು ರೋಗ ಬಂದ ನಾಯಿಯ ಮಲದಿಂದ ಮಣ್ಣಿಗೆ ಸೇರಿ ಅಲ್ಲಿ ತಿಂಗಳುಗಟ್ಟಲೆ ಉಳಿಯಬಲ್ಲದು. ಆದರೆ ಪಟ್ಟಿ ಸೋತದ್ದು ಈ ಕಾರಣಕ್ಕಲ್ಲ. ಅದನ್ನು ಬರೆದವನು ಬೆಳಗಿನ ಏಳರಿಂದ ಸಂಜೆಯವರೆಗೆ ಮನೆಯಲ್ಲೇ ಇರುತ್ತಿರಲಿಲ್ಲ, ಮನೆಯಲ್ಲಿದ್ದ ಮೂವರಲ್ಲಿ ಯಾರೂ ಗಡಿಯಾರ ನೋಡಿ ಕೆಲಸ ಮಾಡುವವರಾಗಿರಲಿಲ್ಲ. ನೇಯುವವರು ಕಂಡಿಕೆ ತೀರಿದಾಗ, ಮೊಣಕಾಲು ಹಿಡಿದಾಗ, ಚಹಾ ನೆನಪಾದಾಗ ಏಳುತ್ತಾರೆ. ಒಂಬತ್ತು ಹೊಡೆಯಿತೆಂದು ಲಾಳಿ ಬಿಟ್ಟು ಎದ್ದು ಮರಿಯೊಡನೆ ಆಡಲು ಹೋಗುವ ನೇಕಾರನನ್ನು ನಾನಂತೂ ನೋಡಿಲ್ಲ.

ಪಟ್ಟಿ ನಡೆಯದಾದಾಗ ಮರಿಯನ್ನು ಪಡಸಾಲೆಯ ಕಂಬಕ್ಕೆ ಹಗ್ಗದಿಂದ ಕಟ್ಟಿಹಾಕಿದರು. ಹಗ್ಗದ ಅಳತೆಯೊಳಗೇ ಉಂಡು, ಅಲ್ಲೇ ಹೇತು, ಅಲ್ಲೇ ಮಲಗಬೇಕಾಗಿ ಬಂದಾಗ ಮರಿಯಲ್ಲಿ ಅಷ್ಟಿಷ್ಟು ಉಳಿದಿದ್ದ ಚೊಕ್ಕಟತನದ ಸ್ವಭಾವವೂ ಮಾಸತೊಡಗಿತು. ಇನ್ನೊಂದು ಕಡೆ, ಮೂತ್ರ ಮಾಡಿದ ಜಾಗಕ್ಕೆ ಮೂಗು ಒರೆಸಿ ಗದರಿಸುವುದು ನಡೆದಿತ್ತು. ಇದನ್ನು ನಮ್ಮ ಕಡೆ ಬಹಳ ಜನ ಇಂದಿಗೂ ಶಿಕ್ಷಣವೆಂದೇ ನಂಬಿದ್ದಾರೆ. ಮರಿ ಕಲಿತದ್ದು ಬೇರೆಯೇ ಪಾಠ: ಮನುಷ್ಯರ ಕಣ್ಣೆದುರು ಮಾಡಿದರೆ ಪೆಟ್ಟು. ಹೀಗಾಗಿ ಹಿತ್ತಲಿಗೆ ಎತ್ತಿಕೊಂಡು ಹೋಗಿ ಎದುರು ನಿಂತರೆ ಅದು ಬಿಗಿಹಿಡಿದು ಸುಮ್ಮನೆ ಕೂರುತ್ತಿತ್ತು. ಒಳಗೆ ಬಂದೊಡನೆ ನೂಲಿನ ಗಂಟುಗಳ ಮರೆಗೆ ಹೋಗಿ ಮುಗಿಸುತ್ತಿತ್ತು. ಆಯಿಯ ಮಾತಿನಲ್ಲಿ ಹೇಳುವುದಾದರೆ ಮರಿ "ಕಳ್ಳ" ಆಗಿತ್ತು.

ಬರೆದಿಟ್ಟ ದಾಖಲೆ ಮತ್ತು ಆಯಿಯ ಸಾಕ್ಷ್ಯ

ಮೊದಲ ಭೇಟಿಯಲ್ಲಿ ಜಂತಿನ ಔಷಧ ಕೊಟ್ಟು, ಹಾಲು ನಿಲ್ಲಿಸಿ, ಹಗ್ಗ ಬಿಚ್ಚಲು ಹೇಳಿ, ಒಂದೇ ಒಂದು ಕೆಲಸ ಒಪ್ಪಿಸಿದೆ: ಮರಿ ಯಾವಾಗ ಉಂಡಿತು, ಯಾವಾಗ ಮಲಗಿ ಎದ್ದಿತು, ಎಲ್ಲಿ ಮೂತ್ರ ಮಾಡಿತು ಎಂಬುದನ್ನು ಮೂರು ದಿನ ಬರೆದಿಡಬೇಕು, ಆ ಮೂರು ದಿನ ಯಾವುದಕ್ಕೂ ಬೈಯಬಾರದು. ಇಂಥ ದಾಖಲೆಯಿಂದ ಸಾಮಾನ್ಯವಾಗಿ ಸಿಗುವ ಚಿತ್ರ ಗೊತ್ತಿರುವಂಥದ್ದೇ. ಈ ವಯಸ್ಸಿನ ಮರಿ ದಿನಕ್ಕೆ 18ರಿಂದ 20 ಗಂಟೆ ಮಲಗುತ್ತದೆ, ಎದ್ದ ತಕ್ಷಣ ಮೂತ್ರ ಮಾಡುತ್ತದೆ, ಉಂಡ ಮೇಲೆ ಐದರಿಂದ ಮೂವತ್ತು ನಿಮಿಷದೊಳಗೆ ಮಲಕ್ಕೆ ಹೋಗುತ್ತದೆ. ಎಚ್ಚರವಿದ್ದಾಗ ಎರಡು ತಿಂಗಳ ಮರಿ ಎರಡು ಮೂರು ಗಂಟೆಗಿಂತ ಹೆಚ್ಚು ಹೊತ್ತು ತಡೆದುಕೊಳ್ಳಲಾರದು.

ಮಗ ತಂದ ನೋಟ್‌ಬುಕ್ಕಿನಲ್ಲಿ ಗಂಟೆಗಳೆಲ್ಲ ದುಂಡುದುಂಡಗೆ ಇದ್ದವು: ಹತ್ತು, ಹನ್ನೆರಡು, ನಾಲ್ಕು. ಸಂಜೆ ಬಂದು ಕೇಳಿ ಬರೆದದ್ದೆಂದು ಯಾರಿಗಾದರೂ ತಿಳಿಯುತ್ತಿತ್ತು. ಆದ್ದರಿಂದ ನಾನೇ ಮನೆಗೆ ಹೋಗಿ, ದಿನವಿಡೀ ಮರಿಯ ಎದುರಿಗೇ ಕೂರುವ ಆಯಿಯನ್ನು ಕೇಳಿದೆ. ಈ ಪ್ರಕರಣದ ದಿಕ್ಕು ಬದಲಾದದ್ದು ಅವರ ಉತ್ತರದಿಂದ. "ಗಡಿಯಾರ ನನಗ ತಿಳಿಯಂಗಿಲ್ರಿ ಸಾಹೇಬ್ರ. ಮಗ್ಗ ನಡದಾಗ ಅದು ಸತ್ತಂಗ ಮಲಗಿರ್ತೈತಿ. ಮಗ್ಗ ನಿಂತ್ರ ಸಾಕು, ಎದ್ದು ಕುಂದರ್ತೈತಿ. ಇವ್ರು ಚಾ ಕುಡ್ಯಾಕ ಒಳಗ ಹೋಗ್ತಾರ, ಅದು ಅಷ್ಟರಾಗ ಇಲ್ಲೇ ಮುಗಿಸಿಬಿಡ್ತೈತಿ."

ಅರ್ಧ ದಿನ ಕುಳಿತು ನೋಡಿದಾಗ ಅವರು ಹೇಳಿದ್ದು ಅಕ್ಷರಶಃ ನಿಜವಾಗಿತ್ತು. ಒಂದೇ ಲಯದ ಸದ್ದಿನಲ್ಲಿ ಮರಿ ಗಾಢವಾಗಿ ನಿದ್ರಿಸುತ್ತಿತ್ತು. ಸದ್ದು ಕಡಿದ ಕೂಡಲೇ ಏಳುತ್ತಿತ್ತು. ಎದ್ದ ಮರಿಗೆ ಮೂತ್ರಕ್ಕೆ ಹೋಗಬೇಕಾದ ಹೊತ್ತೂ, ಮನೆಯವರೆಲ್ಲ ಅಡುಗೆಮನೆಗೆ ಹೋಗುವ ಹೊತ್ತೂ ಒಂದೇ ಆಗಿತ್ತು. ಅಂದರೆ ಮರಿಯ ದಿನಕ್ಕೆ ಒಂದು ಕ್ರಮ ಆಗಲೇ ಇತ್ತು, ಮತ್ತು ಆ ಕ್ರಮವನ್ನು ಮನೆಯವರ ಕಸುಬೇ ಹಾಕಿಕೊಟ್ಟಿತ್ತು. ಬೆನ್ನು, ಮೊಣಕಾಲು ಕೇಳದ ಕಾರಣ ಕುಣಿಮಗ್ಗದಲ್ಲಿ ಒಬ್ಬರು ಎರಡು ಗಂಟೆಗಿಂತ ಹೆಚ್ಚು ಏಳದೆ ಕೂರುವುದು ಈ ಮನೆಯಲ್ಲಿ ಅಪರೂಪ. ಎರಡು ತಿಂಗಳ ಮರಿಯ ಮೂತ್ರಕೋಶಕ್ಕೂ ಹೆಚ್ಚುಕಡಿಮೆ ಅಷ್ಟೇ ತಾಳಿಕೆ.

ಹೊಸ ಕ್ರಮ

ಗೋಡೆಯ ಪಟ್ಟಿಯನ್ನು ತೆಗೆದುಹಾಕಿ, ಮನೆಯಲ್ಲಿ ಹೇಗೂ ನಡೆಯುವ ಕೆಲಸಗಳಿಗೆ ಮರಿಯ ಕೆಲಸಗಳನ್ನು ಜೋಡಿಸಲು ನಿರ್ಧರಿಸಿದೆವು. ಮುಖ್ಯ ಮಾರ್ಪಾಟು ಒಂದೇ: ಮಗ್ಗ ನಿಂತಾಗ ಎದ್ದವರು ಚಹಾಕ್ಕೆ ಹೋಗುವ ಮೊದಲು ಮರಿಯನ್ನು ಎತ್ತಿಕೊಂಡು ಹಿತ್ತಲಿಗೆ ಹೋಗಬೇಕು. ನಡೆಸಿಕೊಂಡು ಹೋದರೆ ದಾರಿಯಲ್ಲೇ ಆಗಿಬಿಡುವುದರಿಂದ ಮೊದಲ ವಾರಗಳಲ್ಲಿ ಎತ್ತಿಕೊಂಡೇ ಹೋಗಬೇಕು. ಹಿತ್ತಲಿನ ಮೂಲೆಯಲ್ಲಿ ಉಸುಕು ಹಾಕಿ ಒಂದು ಜಾಗ ಗೊತ್ತುಮಾಡಿದರು. ದಿನವೂ ಮಲ ತೆಗೆದುಹಾಕಿ, ಮೂತ್ರದ ವಾಸನೆ ಹತ್ತಿದ ಒಂದು ಹಿಡಿ ಉಸುಕನ್ನು ಗುರುತಿಗೆ ಅಲ್ಲೇ ಬಿಡುತ್ತಿದ್ದರು. ಹಿಂದಿನ ಭಯ ಉಳಿದಿದ್ದರಿಂದ ಎದುರಿಗೆ ನಿಂತು ದಿಟ್ಟಿಸಬಾರದು, ಪಕ್ಕಕ್ಕೆ ತಿರುಗಿ ನಿಂತಿರಬೇಕು. ಮಾಡಿ ಮುಗಿಸಿದ ಗಳಿಗೆಯಲ್ಲೇ, ಒಳಗೆ ಬಂದ ಮೇಲಲ್ಲ, ಒಂದು ತುಣುಕು ತಿನಿಸು ಕೊಡಬೇಕು. ಒಳಗೆ ತಪ್ಪಾದರೆ ಏನೂ ಹೇಳದೆ ಒರೆಸಬೇಕು. ಫಿನಾಯಿಲನ್ನು ಬಿಡಿಸಿದೆ, ಏಕೆಂದರೆ ಒರೆಸಿದ ನೆಲವನ್ನು ಮರಿ ನೆಕ್ಕುತ್ತಿತ್ತು. ಸೋಪಿನ ನೀರಿನಲ್ಲಿ ಎರಡು ಸಲ ತೊಳೆದು ಒಣಗಿಸಿದರೆ ಸಾಕಾಯಿತು. ಕುಣಿಯನ್ನು ನೀರು ಹಾಕಿ ತೊಳೆಯುವಂತಿರಲಿಲ್ಲವಾದ್ದರಿಂದ, ಮಗ್ಗ ಬಿಟ್ಟು ಏಳುವಾಗಲೆಲ್ಲ ಅದರ ಬಾಯಿಗೆ ಹಲಗೆ ಮುಚ್ಚುವುದನ್ನು ಕಡ್ಡಾಯ ಮಾಡಿಕೊಂಡರು.

ಊಟದ ವಿಷಯದಲ್ಲಿ ಚರ್ಚೆ ಸ್ವಲ್ಪ ಹೆಚ್ಚೇ ನಡೆಯಿತು. ಮನೆಯಲ್ಲಿ ತತ್ತಿಯನ್ನೂ ತರುವುದಿಲ್ಲ. ಬರೀ ಜೋಳದ ರೊಟ್ಟಿ ಮತ್ತು ಅನ್ನದಿಂದ ಬೆಳೆಯುವ ಮರಿಗೆ ಬೇಕಾದ ಪ್ರೋಟೀನು, ಸುಣ್ಣದಂಶ ಸಿಗುವುದಿಲ್ಲ. ಅದರ ಮೇಲೆ ರೊಟ್ಟಿಯನ್ನು ಉಳಿದ ಪಲ್ಯದಲ್ಲಿ ಕಲಸಿ ಹಾಕುತ್ತಿದ್ದರು. ಪಲ್ಯದಲ್ಲಿ ಉಳ್ಳಾಗಡ್ಡಿ, ಬಳ್ಳೊಳ್ಳಿ ಇರದ ದಿನವೇ ಇಲ್ಲ, ಇವೆರಡೂ ನಾಯಿಯ ಕೆಂಪು ರಕ್ತಕಣಗಳನ್ನು ಒಡೆಯುವಂಥವು. ಆರು ತಿಂಗಳಾಗುವವರೆಗಾದರೂ ಮರಿಗಳ ಒಣ ಆಹಾರವನ್ನು ಬೆಚ್ಚನೆಯ ನೀರಿನಲ್ಲಿ ನೆನೆಸಿ, ಮೊದಮೊದಲು ದಿನಕ್ಕೆ ನಾಲ್ಕು ಸಲ ಕೊಡುವುದು, ಒಂದು ಹೊತ್ತಿಗೆ ಮೊಸರು ಬೆರೆಸಬಹುದು ಎಂದು ಒಪ್ಪಂದವಾಯಿತು. ಖರ್ಚು ಅವರಿಗೆ ಭಾರವೇ ಆಗಿತ್ತು. ಮಗ ತನ್ನ ಕೈಖರ್ಚಿನಲ್ಲಿ ಪಾಲು ಹಾಕಿದ. ನಾಲ್ಕು ಊಟಗಳನ್ನು ಮನೆಯವರ ನಾಷ್ಟಾ, ಮಧ್ಯಾಹ್ನದ ಊಟ, ಸಂಜೆಯ ಚಹಾ ಮತ್ತು ರಾತ್ರಿಯ ಊಟದ ತುಸು ಮೊದಲಿಗೆ ಗೊತ್ತುಮಾಡಿದರು. ಮೊದಲು ಮರಿ ಉಣ್ಣುವುದರಿಂದ ಮನೆಯವರ ತಟ್ಟೆಯ ಮುಂದೆ ಬಂದು ಬೇಡುವುದು ಕಡಿಮೆಯಾಯಿತು, ತಾವು ಉಂಡು ಎದ್ದಾಗ ಅದನ್ನು ಹೊರಗೆ ಒಯ್ಯುವ ಹೊತ್ತೂ ಸರಿಯಾಗಿ ಬಂದಿರುತ್ತಿತ್ತು. ಹಗಲಿನಲ್ಲಿ ನೀರನ್ನು ಎಂದೂ ತೆಗೆಯಬಾರದೆಂದು ಒತ್ತಿ ಹೇಳಬೇಕಾಯಿತು. ಮೂತ್ರ ಕಡಿಮೆಯಾಗಲೆಂದು ನೀರಿನ ಬಟ್ಟಲು ಎತ್ತಿಡುವ ಮನೆಗಳನ್ನು ನಾನು ಸಾಕಷ್ಟು ನೋಡಿದ್ದೇನೆ.

ಮಲಗುವ ಜಾಗವಾಗಿ, ಮಗ್ಗದ ಕೋಣೆಯ ಬಾಗಿಲ ಹೊರಗೆ, ಆಯಿಯ ರಾಟಿಯ ಪಕ್ಕದಲ್ಲಿ ಹಳೆಯ ಹಲಗೆಗಳಿಂದ ಒಂದು ಮೂಲೆಯನ್ನು ಕಟ್ಟಿದರು. ಹಾಸಲು ಕೊಟ್ಟ ಕೌದಿಯ ಹೊಲಿಗೆಯನ್ನು ಮರಿ ಒಂದೇ ರಾತ್ರಿಯಲ್ಲಿ ಕಿತ್ತದ್ದರಿಂದ ರಬ್ಬರಿನ ಚಾಪೆಯ ಮೇಲೆ ಅಂಚು ಮಡಿಚಿ ಹೊಲಿದ ಧೋತರದ ಮಡಿಕೆ ಹಾಕಬೇಕಾಯಿತು. ಹಲ್ಲು ಬರುವ ಕಾಲದ ಅಗಿಯುವ ಚಟಕ್ಕೆ ತಣ್ಣಗಿನ ಗಜ್ಜರಿ ಕೊಟ್ಟರು. ಸಂಜೆಯ ಹುಚ್ಚಾಟಕ್ಕೆ ಉಪಾಯ ಆಟವಾಡಿಸುವುದೇ ಎಂದು ಮನೆಯವರು ತಿಳಿದಿದ್ದರು. ವಾಸ್ತವದಲ್ಲಿ ಅದು ನಿದ್ದೆಗೆಟ್ಟ ಕೂಸಿನ ರಂಪಾಟದಂಥದ್ದು. ಮಕ್ಕಳು ಶಾಲೆ ಕಾಲೇಜಿನಿಂದ ಬಂದೊಡನೆ ಮರಿಯನ್ನು ಎತ್ತಿಕೊಳ್ಳದೆ, ಅದು ತಾನಾಗಿ ಎದ್ದ ಮೇಲೆ ಮಾತ್ರ ಆಡಿಸಬೇಕೆಂದು ನಿಯಮ ಮಾಡಿದ ಮೇಲೆ ದೀಪದ ಹೊತ್ತಿನ ಕಚ್ಚಾಟ ಅರ್ಧಕ್ಕಿಳಿಯಿತು. ಹಲ್ಲು ತಾಗಿ ಚರ್ಮ ಒಡೆದರೆ ಮನೆಯ ಮರಿಯೆಂದು ಉದಾಸೀನ ಮಾಡದೆ, ಹರಿಯುವ ನೀರಿನಲ್ಲಿ ಸೋಪು ಹಚ್ಚಿ 15 ನಿಮಿಷ ತೊಳೆದು ವೈದ್ಯರನ್ನು ಕಾಣಬೇಕೆಂಬುದನ್ನೂ ಹೇಳಿದ್ದೆ. ರೇಬೀಸ್ ಲಸಿಕೆ ಮೂರು ತಿಂಗಳಿಗಷ್ಟೇ ಬೀಳುವುದರಿಂದ ಅಲ್ಲಿಯವರೆಗೆ ಮರಿಗೆ ಆ ರಕ್ಷಣೆ ಇರುವುದಿಲ್ಲ.

ರಾತ್ರಿಯ ಮಟ್ಟಿಗೆ ಅಡುಗೆಮನೆಯ ಒಂಟಿವಾಸವನ್ನು ಕೈಬಿಟ್ಟರು. ಮಗ ಕೆಲವು ದಿನ ಅದೇ ಹಲಗೆಯ ಮೂಲೆಯ ಪಕ್ಕ ಹಾಸಿಕೊಂಡು ಮಲಗಿದ. ಆಮೇಲೆ ಹಾಸಿಗೆಯನ್ನು ಸ್ವಲ್ಪ ಸ್ವಲ್ಪವೇ ದೂರ ಸರಿಸಿದ. ಅವನು ಓದು ಮುಗಿಸಿ ಪುಸ್ತಕ ಮುಚ್ಚಿದಾಗ ಒಮ್ಮೆ, ನಸುಕಿನ ಮೊದಲು ಒಮ್ಮೆ ಮರಿಯನ್ನು ಹೊರಗೆ ಒಯ್ಯಬೇಕಿತ್ತು. ಎರಡನೆಯದಕ್ಕೆ ಅಲಾರಾಂ ಇಡಲು ಹೇಳಿದ್ದಕ್ಕೆ ಕಾರಣವಿತ್ತು: ಅತ್ತ ಮೇಲೆ ಒಯ್ದರೆ ಅಳುವುದೇ ಬಾಗಿಲು ತೆರೆಸುವ ಉಪಾಯವೆಂದು ಮರಿ ಕಲಿಯುತ್ತದೆ. ಇಡೀ ದಿನದಲ್ಲಿ ಗಡಿಯಾರಕ್ಕೆ ಕಟ್ಟುಬಿದ್ದ ಕೆಲಸ ಇದೊಂದೇ.

ಬೆಳಗಿನ ಮೊದಲ ಸರದಿ ಯಾರದೆಂಬುದು ಉಳಿಯಿತು. ಮನೆಯಲ್ಲಿ ಎಲ್ಲರಿಗಿಂತ ಮೊದಲು ಏಳುವವರು ಆಯಿ. ಯಾರೂ ಅವರನ್ನು ಕೇಳುವ ಧೈರ್ಯ ಮಾಡಲಿಲ್ಲ. ಒಂದು ದಿನ ಸೊಸೆ ಜ್ವರದಿಂದ ಮಲಗಿದ್ದಾಗ ಅವರೇ ಮರಿಯನ್ನು ಹಿತ್ತಲಿಗೆ ಒಯ್ದರು. ಮರುದಿನದಿಂದ ಅದು ಅವರ ಕೆಲಸವಾಯಿತು. ಬಾಗಿಲಿಗೆ ನೀರು ಹೊಡೆದು ಬಂದು, ಸ್ನಾನಕ್ಕೆ ಮೊದಲೇ ಮರಿಯ ಕೆಲಸ ಮುಗಿಸಿದರೆ ಮಡಿಗೂ ತೊಡಕಿಲ್ಲ ಎಂದು ಹೊತ್ತನ್ನು ಅವರೇ ಹೊಂದಿಸಿಕೊಂಡರು. ಸಂಜೆ ಮರಿಯನ್ನು ತೊಡೆಯ ಮೇಲಿಟ್ಟುಕೊಂಡು ಕಟ್ಟೆಯ ಮೇಲೆ ಕೂರುವ ಕೆಲಸವನ್ನು ಮಾತ್ರ ನಾನೇ ಕೇಳಿಕೊಂಡೆ. ಮೂರರಿಂದ ಹದಿನಾಲ್ಕು ವಾರದವರೆಗಿನ ವಯಸ್ಸಿನಲ್ಲಿ ನೋಡಿ ಕೇಳಿದ್ದಕ್ಕೆ ನಾಯಿ ಮುಂದೆ ಹೆದರುವುದು ಕಡಿಮೆ. ಲಸಿಕೆಯ ಕಾರಣಕ್ಕೆ ಬೀದಿಗೆ ಇಳಿಸುವಂತಿಲ್ಲ, ಲೋಕ ತೋರಿಸದೆ ಇಡುವಂತೆಯೂ ಇಲ್ಲ. ಆಟೊ, ಆಕಳು, ಶಾಲೆಯ ಮಕ್ಕಳು, ಸೈಕಲ್ಲಿನ ಮೇಲೆ ಕೂಗುತ್ತಾ ಹೋಗುವ ಮಾರಾಟದವರು, ಎಲ್ಲವನ್ನೂ ಮರಿ ನೆಲ ಮುಟ್ಟದೆ ನೋಡಿತು.

ನಡುವೆ ಬಂದ ಎರಡು ಅಡೆತಡೆ

ಕ್ರಮ ಕೂಡಿಬರುತ್ತಿದೆ ಎನ್ನುವಾಗ ಒಂದು ಮಧ್ಯಾಹ್ನ ಸೊಸೆಯ ಫೋನು ಬಂತು. ಮರಿಯ ಗುದದ್ವಾರದಿಂದ ಕೆಂಪು ನೂಲಿನ ಎಳೆ ಹೊರಗೆ ಇಳಿದಿದೆ, "ಜಗ್ಗಲೇನ್ರಿ?" ಎಂದು ಕೇಳಿದರು. ಜಗ್ಗಬಾರದು. ನೂಲಿನ ಇನ್ನೊಂದು ತುದಿ ನಾಲಿಗೆಯ ಬುಡದಲ್ಲೋ ಜಠರದಲ್ಲೋ ಸಿಕ್ಕಿಕೊಂಡಿದ್ದರೆ ಕರುಳು ಅದರ ಸುತ್ತ ನೆರಿಗೆಗಟ್ಟಿರುತ್ತದೆ. ಎಳೆದರೆ ಬಿಗಿದ ನೂಲು ಕರುಳನ್ನೇ ಕೊಯ್ಯಬಹುದು. ಹಾಗೆಯೇ ಬಿಟ್ಟು ತಕ್ಷಣ ತರಲು ಹೇಳಿದೆ. ಬಾಯಿ ತೆರೆದು ನಾಲಿಗೆಯ ಕೆಳಗೆ ನೋಡಿದಾಗ ಏನೂ ಇರಲಿಲ್ಲ, ಹೊಟ್ಟೆ ಮೆತ್ತಗಿತ್ತು, ವಾಂತಿ ಇರಲಿಲ್ಲ; ಅದೃಷ್ಟಕ್ಕೆ ತುಂಡು ನೂಲು, ಮಲದೊಡನೆ ತಾನೇ ಹೊರಗೆ ಬಿತ್ತು. ಅಂದಿನಿಂದ ಎಳೆ ಕಡಿದ ಕೂಡಲೇ ಮುಚ್ಚಳದ ಡಬ್ಬಿಗೆ ಹಾಕುವ ರೂಢಿ ಬಂತು, ಮಗ್ಗದ ಕೋಣೆಯ ಹೊಸ್ತಿಲಿಗೆ ಅಡ್ಡ ಹಲಗೆ ಬಿತ್ತು. ಆಯಿ ಮೊದಲ ದಿನ ಹೇಳಿದ ಮಾತನ್ನು ಯಾರೂ ನೆನಪಿಸಲಿಲ್ಲ, ಅವರು ಒಬ್ಬರನ್ನು ಬಿಟ್ಟು.

ಎರಡನೆಯದರಿಂದ ನಾನು ಹೆಚ್ಚು ಕಲಿತೆ. ಈ ಮನೆಯಲ್ಲಿ ಅಮಾವಾಸ್ಯೆಯ ದಿನ ಮಗ್ಗ ನಡೆಸುವುದಿಲ್ಲ. ಗಣೇಶ ಚತುರ್ಥಿಗೆ ಮೊದಲು ಬರುವ ಬೆನಕನ ಅಮಾವಾಸ್ಯೆಯಂದು ಸದ್ದಿಲ್ಲದ ಮನೆಯಲ್ಲಿ ಮರಿ ಹಗಲೆಲ್ಲ ಮಲಗಲೇ ಇಲ್ಲ. ಒಬ್ಬರಾದ ಮೇಲೊಬ್ಬರ ಹಿಂದೆ ತಿರುಗಿತು, ವಾರದಿಂದ ಸ್ವಚ್ಛವಾಗಿದ್ದ ನೆಲದ ಮೇಲೆ ಮತ್ತೆ ಮತ್ತೆ ಮೂತ್ರ ಮಾಡಿತು. ಎಲ್ಲ ಕೆಟ್ಟುಹೋಯಿತೆಂದು ಮಗ ಬೇಸರಪಟ್ಟ. ಕಲಿತದ್ದನ್ನು ಮರಿ ಮರೆತಿರಲಿಲ್ಲ. ಮಗ್ಗ ನಿಲ್ಲದ ದಿನ, ಅಂದರೆ ನಡೆಯಲೇ ಇಲ್ಲದ ದಿನ, ಅದಕ್ಕೂ ಮನೆಯವರಿಗೂ ಸೂಚನೆ ಇರಲಿಲ್ಲ. ಇಡೀ ದಿನಚರಿಯನ್ನು ಒಂದೇ ಗೂಟಕ್ಕೆ ಕಟ್ಟಿದ್ದರ ಫಲವಿದು. ಮುಂದಿನ ದಿನಗಳಲ್ಲಿ ಬೇಕೆಂದೇ ಮಧ್ಯಾಹ್ನದ ಒಂದು ನಿದ್ದೆಯನ್ನು ಮಗ್ಗದಿಂದ ದೂರ, ಅಡುಗೆಮನೆಯ ಬದಿಯಲ್ಲಿ ಮಾಡಿಸತೊಡಗಿದರು. ಹಿತ್ತಲಿಗೆ ಒಯ್ಯುವ ಮೊದಲು ಆಯಿ ತಮ್ಮ ಪಕ್ಕದಲ್ಲಿದ್ದ ಹಲಗೆಯನ್ನು ಎರಡು ಸಲ ತಟ್ಟುವ ರೂಢಿ ಮಾಡಿದರು. ಮಗ್ಗ ಇರಲಿ ಬಿಡಲಿ ಆ ಸದ್ದಿಗೆ ಅರ್ಥ ಒಂದೇ.

ಹಬ್ಬದ ದಿನಗಳ ಡೊಳ್ಳು, ಪಟಾಕಿಯ ಸದ್ದಿಗೆ ಮರಿ ಹೆದರಿತು, ಆದರೆ ಹೆದರಿಕೆಯಲ್ಲಿ ತನ್ನ ಹಲಗೆಯ ಮೂಲೆಗೇ ಹೋಗಿ ಮಲಗಿತು. ಅಲ್ಲಿಂದ ಎಳೆದು ಸಮಾಧಾನ ಮಾಡಲು ಹೋಗಬೇಡಿ ಎಂದು ಮೊದಲೇ ಹೇಳಿದ್ದೆ. ಅದೇ ವಾರ ರೇಬೀಸ್ ಲಸಿಕೆಯೂ ಆಯಿತು.

ಫಲಿತಾಂಶ ಮತ್ತು ಅದರಿಂದ ತಿಳಿಯುವುದು

ಮಹಾನವಮಿಯ ಹೊತ್ತಿಗೆ ಮನೆಯೊಳಗಿನ ಮೂತ್ರ ಅಪರೂಪವಾಯಿತು. ಮಳೆ ಜೋರಾದ ದಿನ ಮಾತ್ರ ಹಿತ್ತಲಿಗೆ ಇಳಿಯಲು ಮರಿ ಹಿಂಜರಿಯುತ್ತಿತ್ತು. 16 ವಾರಕ್ಕೆ ಲಸಿಕೆಯ ಸರಣಿ ಮುಗಿದು, ಬೀದಿಯ ನಡಿಗೆ ಕೊನೆಗೂ ಶುರುವಾಯಿತು.

ದಿನಚರಿ ಕೇಳಿಕೊಂಡು ಬರುವವರಿಗೆ ಗಂಟೆಗಳ ಪಟ್ಟಿ ಕೊಡುವುದು ಸುಲಭ, ಮತ್ತು ಪಟ್ಟಿ ತಪ್ಪೇನೂ ಅಲ್ಲ. ಸಂಬಳದ ಕೆಲಸಕ್ಕೆ ಹೋಗುವವರ ಮನೆಯಲ್ಲಿ ಅದೇ ಸರಿಹೋಗಬಹುದು. ಆದರೆ ಮರಿಗೆ ಒಂಬತ್ತು ಗಂಟೆ ಎಂಬುದಿಲ್ಲ, ಇದಾದ ಮೇಲೆ ಇದು ಎಂಬ ಸರಣಿ ಇದೆ. ಆದ್ದರಿಂದ ಸಲಹೆ ಕೊಡುವವರು ಮೊದಲು ಆ ಮನೆಯಲ್ಲಿ ಯಾರೂ ಹೇಳದೆಯೂ ದಿನವೂ ನಡೆಯುವ ಕೆಲಸ ಯಾವುದು, ಆ ಹೊತ್ತಿಗೆ ಮನೆಯಲ್ಲಿರುವವರು ಯಾರು ಎಂದು ಕೇಳಬೇಕು. ಮರಿ ಯಾರದು ಎಂಬ ಪ್ರಶ್ನೆಯಿಂದ ಶುರುಮಾಡಿದ್ದರೆ ನಾವು ಮಗನೊಡನೆ ಮಾತಾಡುತ್ತಲೇ ಉಳಿಯುತ್ತಿದ್ದೆವು. ಮರಿಯನ್ನು ಬೇಡವೆಂದವರೇ ಅದನ್ನು ಎಲ್ಲರಿಗಿಂತ ಹೆಚ್ಚು ಗಮನಿಸಿದ್ದರು. ಬೇಡವಾದದ್ದರ ಮೇಲೆ ಕಣ್ಣಿಡುವುದು ಮನುಷ್ಯರ ಸ್ವಭಾವವೂ ಇರಬಹುದು.

ಗೂಟ ಒಂದೇ ಇರಬಾರದೆಂಬುದು ಇನ್ನೊಂದು. ಹಬ್ಬ, ಊರಿಗೆ ಹೋಗುವುದು, ಮನೆಯಲ್ಲಿ ಜ್ವರ, ಇವೆಲ್ಲ ದಿನಚರಿಯನ್ನು ಮುರಿಯುವುದು ಖಚಿತವಾದ್ದರಿಂದ, ಮುರಿದ ದಿನ ಏನು ಎಂಬುದನ್ನು ಮೊದಲೇ ಗೊತ್ತುಮಾಡಿಕೊಂಡಿರಬೇಕು. ಪಂಚಮಿಯ ಗದ್ದಲದ ಬದಲು ಹಬ್ಬ ಮುಗಿದ ಮೇಲೆ ಮರಿಯನ್ನು ತಂದಿದ್ದರೆ ಎಂಟು ವಾರವೂ ತುಂಬುತ್ತಿತ್ತು, ಮೊದಲ ದಿನಗಳ ಗೊಂದಲವೂ ತಪ್ಪುತ್ತಿತ್ತು. ಮರಿ ಕೊಡುವವರು ಹಬ್ಬದ ಮೊದಲೇ ಒಯ್ಯಿರಿ ಎಂದು ಒತ್ತಾಯಿಸುವುದು ಸಾಮಾನ್ಯ; ಅದಕ್ಕೆ ಒಪ್ಪಬಾರದು.

ಈಗಿನ ಸ್ಥಿತಿ

ಇದನ್ನು ಬರೆಯುವಾಗ ನಾಯಿಗೆ ಆರು ತಿಂಗಳು ತುಂಬುತ್ತಿದೆ. ಮೂರು ಹೊತ್ತಿಗೆ ಇಳಿದಿದ್ದ ಊಟವನ್ನು ಎರಡಕ್ಕೆ ಇಳಿಸುವ ಕಾಲ ಬಂದಿದೆ. ಮಧ್ಯಾಹ್ನದ ಊಟ ನಿಂತರೂ ಮಧ್ಯಾಹ್ನ ಹಿತ್ತಲಿಗೆ ಒಯ್ಯುವುದನ್ನು ಇನ್ನೂ ಕೆಲವು ತಿಂಗಳು ನಿಲ್ಲಿಸಬಾರದೆಂದು ಹೇಳಿದ್ದೇನೆ. ಓಡುವ ತಳಿಯ ಕಾಲುಗಳು ಅದಕ್ಕೆ ಬಂದಿವೆ, ಓಣಿಯ ನಡಿಗೆ ಸಾಲದು. ಕೋಳಿ, ಕುರಿಮರಿ ಕಂಡರೆ ಹಗ್ಗ ಜಗ್ಗುತ್ತದೆ. ಊರ ಹೊರಗೆ ಬೇಲಿಯಿರುವ ಪರಿಚಿತರ ಹೊಲವೊಂದರಲ್ಲಿ ಭಾನುವಾರ ಬಿಡಲು ಮಗ ಮಾತಾಡಿಕೊಂಡಿದ್ದಾನೆ. ಉಳಿದ ಆರು ದಿನ ಓಡಿಸುವವರು ಯಾರು ಎಂಬುದು ಮನೆಯಲ್ಲಿ ಇನ್ನೂ ತೀರ್ಮಾನವಾಗಿಲ್ಲ.